ಕಲಬುರ್ಗಿಗೆ ಒಂದು ತಾಸು

ಖಾನಾಪುರದ ಮನೆಯಲ್ಲಿ ಮೆಂತ್ಯಪಲ್ಲೆ ಸೋಸುತ್ತ ಕುಳಿತಿದ್ದಾಗ ಕಲಬುರ್ಗಿಯಿಂದ ಅಕ್ಕನ ಮಗ ಫೋನ್ ಮಾಡಿದ. ನಸುಕಿನಲ್ಲಿ ಅಕ್ಕ ಲಿಂಗೈಕ್ಯಳಾಗಿದ್ದಳು.

"ಚಿಕ್ಕವ್ವಾ, ಬೆಳಗಾವಿಯಿಂದ ಇಲ್ಲಿಗೆ ವಿಮಾನದಾಗ ಒಂದ ತಾಸು ಅಂತ ಮೊಬೈಲ್‌ನ್ಯಾಗ ಐತಿ. ನೀ ಬರೂತನಕಾ ಮಣ್ಣು ಮಾಡಂಗಿಲ್ಲ" ಅಂದ.

ಅಕ್ಕನಿಗೆ ಒಂದು ಹಿಡಿ ಮಣ್ಣು ಕೊಡುವುದಷ್ಟೇ ನನಗೆ ಉಳಿದಿತ್ತು. ವಿಭೂತಿ, ಬಿಲ್ವಪತ್ರಿ ಕಟ್ಟಿಕೊಂಡು ಮನೆಯವರ ಜೊತೆ ಬೆಳಗಾವಿಯ ವಿಮಾನ ನಿಲ್ದಾಣಕ್ಕೆ ಬಂದೆ.

ಟಿಕೆಟ್ ಕೊಡುವ ಹುಡುಗಿ ಕಂಪ್ಯೂಟರ್ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಕಾಕೂ, ಇಲ್ಲಿಂದ ಕಲಬುರ್ಗಿಗೆ ವಿಮಾನನ ಇಲ್ಲರಿ."

"ಒಂದ ತಾಸು ಅಂತ ಬರದಾರಲ್ಲವಾ?" ಅಕ್ಕನ ಮಗ ಕಳಿಸಿದ್ದನ್ನು ಮೊಬೈಲಿನಲ್ಲಿ ತೋರಿಸಿದೆ.

"ವಿಮಾನ ಇದ್ದಿದ್ರ ಅಷ್ಟು ಹೊತ್ತು ಹಿಡೀತಿತ್ತು ಅಂತರಿ. ಹಾದಿ ಅಳದಾರ, ಅಷ್ಟ."

ಇಲ್ಲದ ವಿಮಾನಕ್ಕೂ ಯಾರೋ ಹೊತ್ತು ಎಣಿಸಿಟ್ಟಿದ್ದರು. ಅದನ್ನೇ ನಂಬಿ ಅಲ್ಲಿ ಅಕ್ಕನ ದೇಹವನ್ನು ಗೋಡೆಗೆ ಒರಗಿಸಿ ಕೂಡಿಸಿಕೊಂಡು ಓಣಿಯ ಮಂದಿಯೆಲ್ಲ ನನ್ನ ದಾರಿ ಕಾಯುತ್ತಿದ್ದರು. ಬಸ್ಸು ಹಿಡಿದರೆ ಮುಟ್ಟುವಷ್ಟರಲ್ಲಿ ಕತ್ತಲಾಗುತ್ತದೆ. ಹುಡುಗಿ ಎದ್ದು ಬಂದು ನನ್ನನ್ನು ಕುರ್ಚಿಯಲ್ಲಿ ಕೂಡಿಸಿ ನೀರು ಕೊಟ್ಟಳು. ಬಸವಣ್ಣ ಆಕೆಯನ್ನು ಚಲೋ ಇಟ್ಟಿರಲಿ.

ಅಕ್ಕನ ಮಗನಿಗೆ ಫೋನ್ ಹಚ್ಚಿದೆ.

"ಕಾಯಬ್ಯಾಡ್ರಿ ತಮ್ಮಾ. ಹೊತ್ತು ಮುಣಗೂದ್ರೊಳಗ ಮಾಡಿಬಿಡ್ರಿ. ನನ್ನ ಪಾಲಿನ ಹಿಡಿ ಮಣ್ಣು ನೀನ ಹಾಕು. ನಾ ನಾಳೆ ಬಸ್ಸಿಗೆ ಬರ್ತೀನಿ."

"ಅವ್ವ ನರಳಲಿಲ್ಲ, ಚಿಕ್ಕವ್ವಾ" ಎಂದು ಅವನೇ ನನಗೆ ಸಮಾಧಾನ ಹೇಳಿದ. ಶಿವ ಅಷ್ಟಾದರೂ ಕರುಣೆ ಇಟ್ಟ.

ಖಾನಾಪುರಕ್ಕೆ ತಿರುಗಿ ಬಂದಾಗ ಅತ್ತೆ ಇನ್ನೂ ಉಂಡಿರಲಿಲ್ಲ. ಕೈಕಾಲು ತೊಳೆದುಕೊಂಡು ಅನ್ನಕ್ಕೆ ಅಕ್ಕಿ ತೊಳೆಯತೊಡಗಿದೆ.