ಬೆನ್ನಿನಿಂದ ಎದೆಗೆ ಬಂದ ನೋವು

ಅಣ್ಣ ತೀರಿಕೊಂಡ ಮರುವರ್ಷ ನನಗೂ ಎದೆನೋವು ಶುರುವಾಯಿತು. ಅವನು ನಮ್ಮೂರು ಬೋಗಾದಿಯಲ್ಲಿ ಬೇಸಾಯ ಮಾಡಿಕೊಂಡಿದ್ದ. ಒಂದು ಬೆಳಿಗ್ಗೆ ಹೊಲದಿಂದ ಬಂದು, "ಎದೆ ಹಿಡ್ಕೊಂಡದೆ ಕಣಮ್ಮಿ" ಎಂದು ಅತ್ತಿಗೆಗೆ ಹೇಳಿ ಜಗಲಿಯ ಮೇಲೆ ಕೂತ. ಆಕೆ ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಅವನಿಗಿನ್ನೂ ನಲವತ್ತು ತುಂಬಿರಲಿಲ್ಲ. ನನಗೆ ಮೂವತ್ತಾರು.

ನಾನು ಹೊಲ ಅವನಿಗೇ ಬಿಟ್ಟು, ಮೈಸೂರಿಗೆ ಬಂದು ಬೀಟೆಮರದ ಕುಸುರಿ ಕೆಲಸ ಕಲಿತವನು. ಮಂಡಿ ಮೊಹಲ್ಲದಲ್ಲಿ ನಮ್ಮ ಬಾಡಿಗೆ ಮನೆ. ಮುಂದಿನ ಕೋಣೆಯೇ ಕೆಲಸದ ಜಾಗ. ಬೀಟೆಯ ಹಲಗೆಯಲ್ಲಿ ಆನೆಯದೋ ನವಿಲಿನದೋ ಆಕಾರಕ್ಕೆ ಗುಳಿ ತೋಡಿ, ಅದರೊಳಗೆ ದಂತದ ಚೂರು, ಬೇರೆ ಬಣ್ಣದ ಮರದ ಚೂರು ಕೂರಿಸಬೇಕು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು, ಕೆಲಸಕ್ಕೇನೂ ಕೊರತೆಯಿರಲಿಲ್ಲ. ನೆಲದ ಮೇಲೆ ಕೂತು ಹಲಗೆಯ ಮೇಲೆ ಬಗ್ಗಿದರೆ ಊಟಕ್ಕೇ ತಲೆ ಎತ್ತುತ್ತಿದ್ದದ್ದು.

ನೋವು ಮೊದಲು ಕಾಣಿಸಿಕೊಂಡದ್ದು ಎಡ ಹೆಗಲ ಮೂಳೆಯ ಒಳಪಕ್ಕದಲ್ಲಿ, ಯಾರೋ ಉಳಿಯ ತುದಿಯಿಂದ ಕುಕ್ಕಿದ ಹಾಗೆ. ಉಸಿರು ಜೋರಾಗಿ ಎಳೆದರೆ ಅದು ಪಕ್ಕೆಯನ್ನು ಸುತ್ತಿಕೊಂಡು ಎದೆಗೆ ಬಂದು ನಿಲ್ಲುತ್ತಿತ್ತು. ವಾಯು ಇರಬೇಕೆಂದು ಓಂಕಾಳು ಅಗಿದೆ. ಕಡಿಮೆಯಾಗಲಿಲ್ಲ. ಅಣ್ಣನ ಸರದಿ ಮುಗಿಯಿತು, ಇನ್ನು ನನ್ನದು ಎಂದು ತೀರ್ಮಾನ ಮಾಡಿಕೊಂಡೆ.

ಯಾರಿಗೂ ಹೇಳಲಿಲ್ಲ. ನಾಲ್ಕು ವರ್ಷದ ಮಗಳು ಎತ್ತಿಕೋ ಎಂದು ಕಾಲು ಹಿಡಿದರೆ, ಅವಳ ಸಮೇತ ಎಲ್ಲಿ ಬಿದ್ದುಬಿಡುತ್ತೇನೋ ಎಂದು ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ನಾನಿಲ್ಲದ ಕಾಲಕ್ಕೆ ಬೇಕಾದೀತೆಂದು ಹೆಂಡತಿಗೆ ರುಜು ಹಾಕುವುದನ್ನು ಕಲಿಸತೊಡಗಿದೆ. "ಇಷ್ಟು ವರ್ಷ ಇಲ್ದಿದ್ದು ಈಗ್ಯಾಕೆ?" ಎಂದಳು. "ಸುಮ್ನೆ ಕಲ್ತ್ಕೋ" ಎಂದೆ. ಸ್ಲೇಟಿನ ಮೇಲೆ ತನ್ನ ಹೆಸರನ್ನು ಸೊಟ್ಟಸೊಟ್ಟಗೆ ಬರೆದು ಅವಳು ನಕ್ಕಾಗ, ನಾನು ಅಲ್ಲಿ ಕೂರಲಾಗದೆ ಎದ್ದು ಹೊರಗೆ ಹೋದೆ.

ಪಕ್ಕದ ಮನೆಯವರು ಕ್ರೈಸ್ತರು. ಆ ಮನೆಯಾಕೆ ಆಸ್ಪತ್ರೆಯಲ್ಲಿ ನರ್ಸು, ಬೀದಿಗೆಲ್ಲ ಸಿಸ್ಟರಮ್ಮ. ಒಂದು ಭಾನುವಾರ ಚರ್ಚಿನಿಂದ ಬರುತ್ತಿದ್ದವರು, ನಾನು ಬೀದಿ ನಲ್ಲಿಯ ಹತ್ತಿರ ಕೊಡ ಇಳಿಸಿ ಗೋಡೆ ಹಿಡಿದು ನಿಂತದ್ದನ್ನು ಕಂಡರು.

"ಏನಾಯ್ತು ಅಣ್ಣ?"

"ಏನಿಲ್ಲ ಸಿಸ್ಟರಮ್ಮ."

"ಮುಖ ನೋಡಿದ್ರೆ ಗೊತ್ತಾಗ್ತದೆ ಬುಡಿ. ಎಲ್ಲಿ ನೋವು?"

ನಾನು ಎದೆ ಮುಟ್ಟಿ ತೋರಿಸಿದೆ. ಅವರು ಮರುದಿನ ಬೆಳಿಗ್ಗೆಯೇ ತಮಗೆ ಗೊತ್ತಿದ್ದ ಡಾಕ್ಟರ ಶಾಪಿಗೆ ಕರೆದುಕೊಂಡು ಹೋದರು. ಸಂಗತಿ ತಿಳಿದ ಹೆಂಡತಿ, ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಹಿಂದೆಯೇ ಬಂದಳು. ದಾರಿಯುದ್ದಕ್ಕೂ ಒಂದೇ ಮಾತು ಆಡಿದ್ದು: "ರುಜು ಕಲ್ಸಿದ್ದು ಇದ್ಕಾ?"

ಡಾಕ್ಟರು ವಯಸ್ಸಾದವರು. ನಾಡಿ ಹಿಡಿದರು, ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಮೆಟ್ಟಿಲು ಹತ್ತಿದರೆ ನೋವು ಜಾಸ್ತಿಯಾಗುತ್ತದೆಯೇ, ಬೆವರುತ್ತದೆಯೇ, ತೋಳಿಗೆ ದವಡೆಗೆ ಇಳಿಯುತ್ತದೆಯೇ ಎಂದೆಲ್ಲ ವಿಚಾರಿಸಿದರು. ಯಾವುದೂ ಇರಲಿಲ್ಲ. ಆಮೇಲೆ ನನ್ನನ್ನು ತಿರುಗಿಸಿ ಕೂರಿಸಿ, ಬೆನ್ನುಮೂಳೆಯ ಪಕ್ಕದಲ್ಲಿ ಹೆಬ್ಬೆರಳಿನಿಂದ ಒತ್ತುತ್ತಾ ಬಂದರು. ಒಂದು ಕಡೆ ಒತ್ತಿದ್ದೇ ತಡ, ಅದೇ ನೋವು ಪಕ್ಕೆ ಸುತ್ತಿ ಎದೆಗೆ ಬಂತು. ನಾನು ಕಿರುಚಿಬಿಟ್ಟೆ.

"ಇದೇನಾ?"

"ಇದೇ ಸ್ವಾಮಿ!"

"ಏನು ಕೆಲಸ ಮಾಡ್ತೀರಿ? ಹೇಗೆ ಕೂತ್ಕೋತೀರಿ, ತೋರಿಸಿ."

ಅಲ್ಲೇ ನೆಲದ ಮೇಲೆ ಕೂತು, ಇಲ್ಲದ ಹಲಗೆಯ ಮೇಲೆ ಇಲ್ಲದ ಉಳಿ ಹಿಡಿದು ಬಗ್ಗಿದೆ. ಡಾಕ್ಟರು ಒಂದು ಗಳಿಗೆ ನೋಡಿ ನಕ್ಕರು. "ದಿನವಿಡೀ ಹೀಗೆ ಬಗ್ಗಿದ್ರೆ ಬೆನ್ನು ಸುಮ್ನಿರುತ್ತೇನ್ರೀ? ಬೆನ್ನಿನ ನರ ಪಕ್ಕೆ ಬಳಸ್ಕೊಂಡು ಮುಂದಕ್ಕೆ ಬರುತ್ತೆ. ಹಿಂದೆ ಹಿಡ್ಕೊಂಡ್ರೆ ಮುಂದೆ ನೋಯುತ್ತೆ. ನಿಮ್ಮ ಹೃದಯದಲ್ಲಿ ನಂಗೇನೂ ದೋಷ ಕಾಣ್ತಿಲ್ಲ."

"ನಮ್ಮಣ್ಣ ಹಿಂಗೇ..." ಎಂದೆ.

ಅವರು ನಗು ನಿಲ್ಲಿಸಿ, ನನ್ನ ಹೆಗಲ ಮೇಲೆ ಕೈಯಿಟ್ಟರು. "ಅದು ಬೇರೆ, ಇದು ಬೇರೆ. ಆದ್ರೂ ಎದೆ ಅಮುಕಿದ ಹಾಗಾಗಿ ಮೈ ಬೆವರಿದ್ರೆ ಒಂದು ಕ್ಷಣಾನೂ ಕಾಯಬೇಡಿ, ಓಡಿ ಬನ್ನಿ. ಬಚ್ಚಿಟ್ಕೋಬೇಡಿ."

ಹೊರಗೆ ಬಂದಾಗ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ಬೈಯಲು ಶುರುಮಾಡಿದಳು. ಅಷ್ಟು ಹಿತವಾದ ಬೈಗುಳವನ್ನು ನಾನು ಮತ್ತೆ ಕೇಳಿಲ್ಲ. ಅವಳ ಕಂಕುಳಿನಿಂದ ಮಗಳನ್ನು ಇಸಿದುಕೊಂಡೆ. ಬೆನ್ನು ನೋಯಿತು, ಆದರೆ ಹೆದರಿಕೆಯಾಗಲಿಲ್ಲ.

ಡಾಕ್ಟರು ಹೇಳಿದ್ದನ್ನೆಲ್ಲ ಅವಳು ಬಿಡದೆ ಮಾಡಿಸಿದಳು. ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ದಿನಾ ಶಾಖ ಕೊಟ್ಟಳು. ಗೋಡೆಗೆ ಬೆನ್ನು ಹಚ್ಚಿ ನಿಂತು ಎರಡೂ ತೋಳನ್ನು ಮೇಲಕ್ಕೆ ಜಾರಿಸುವ ಕಸರತ್ತನ್ನು, ಎಣಿಕೆ ತಪ್ಪಿದರೆ ಮೊದಲಿನಿಂದ ಮಾಡಿಸುತ್ತಿದ್ದಳು. ಅಡುಗೆಮನೆಯಿಂದ ಆಗಾಗ "ಏಳಿ ಮೇಲೆ!" ಎಂದು ಕೂಗುತ್ತಿದ್ದಳು, ನಾನು ಉಳಿ ಕೆಳಗಿಟ್ಟು ಏಳಲೇಬೇಕಿತ್ತು. ಮೂರನೆಯ ವಾರಕ್ಕೆ ತುಂಬು ಉಸಿರು ಎಳೆದರೂ ಎದೆ ಕುಕ್ಕಲಿಲ್ಲ. ನಂಬಿಕೆಯಾಗದೆ ಮತ್ತೊಮ್ಮೆ ಎಳೆದು ನೋಡಿದೆ.

ಅಷ್ಟರಲ್ಲಿ ಹಲಗೆ ಎದೆಮಟ್ಟಕ್ಕೆ ಬರುವಂತೆ ಒಂದು ಓರೆ ಮೇಜನ್ನೂ ಮಾಡಿಕೊಂಡಿದ್ದೆ. ನಮ್ಮ ಬೀದಿಯಲ್ಲೇ ಕುಸುರಿ ಕೆಲಸ ಮಾಡುತ್ತಿದ್ದ ಒಬ್ಬ, ನನಗಿಂತ ಹಿರಿಯ, ಅದನ್ನು ಕಂಡು ಬೀದಿಗೆಲ್ಲ ಕೇಳುವಂತೆ, "ಏನಪ್ಪಾ, ಕಚೇರಿ ಸಾಹೇಬ್ರಾಗ್ಬುಟ್ಟೆ!" ಎಂದ. ದೀಪಾವಳಿ ಕಳೆದ ಮೇಲೆ ಒಂದು ದಿನ ಅವನೇ ಬಂದು, ಕತ್ತಿನ ಹಿಂದೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತ.

"ಆ ಮೇಜಿನ ಅಳತೆ ಒಸಿ ಹೇಳ್ತೀಯೇನೋ?"

ಒಳಗೆ ಕರೆದು ಕೂರಿಸಿದೆ.