ಬಾಯಿಲ್ಲದ ವೀರನ ಮೊಸರನ್ನ

ಎಂಬತ್ತರ ದಶಕದಲ್ಲಿ ಗೊಬ್ಬೂರಿನ ಕಡೆ ಹಳೆಯ ವೀರಗಲ್ಲುಗಳನ್ನು ತೊಳೆಯುವ ಕೆಲಸ ನನ್ನದು. ಒಂದು ಕಲ್ಲಿಗೆ ಹತ್ತಿದ್ದ ಕಪ್ಪು ಬೂಷ್ಟನ್ನು ಮೆತ್ತನೆಯ ಬ್ರಶ್ಶಿನಿಂದ ತಿಕ್ಕಿದರೆ, ಅದರ ಜೊತೆ ವೀರನ ಮೂಗೂ ಪುಡಿಯಾಗಿ ಉದುರಿತು. ಅವನು ತಮ್ಮ ಮನೆತನದ ಹಿರಿಯನೆಂದು ಅಮಾವಾಸ್ಯೆಗೊಮ್ಮೆ ಎಣ್ಣೆ ಹಚ್ಚಿ, ಬಾಯಿಗೆ ಮೊಸರನ್ನ ಮೆತ್ತುವ ಮುದುಕಿ ಪಕ್ಕದಲ್ಲೇ ಕೂತಿದ್ದಳು.

“ಯಮ್ಮಾ, ಇನ್ನ ಇದನ್ನ ಬಿಡ್ರಿ” ಎಂದೆ. “ಕಣ್ಣಿಗೆ ಕಾಣದ ಜೀವಗಳು ನಿಮ್ಮ ಮೊಸರನ್ನ ಉಂಡು ಬೆಳೆದು, ಕಲ್ಲನ್ನೂ ತಿನ್ನಾಕತ್ತಾವ.”

ಮುದುಕಿಯ ಮುಖ ಅರಳಿತು. “ಖರೇನ್ರಿ? ಉಣ್ಣಾಕತ್ತಾವೇನ್ರಿ? ಇಷ್ಟ ವರ್ಷ ಎಲ್ಲಾ ಬೇಕಾರ ಹೊಂಟದ ಅಂತ ತಿಳಿದಿದ್ದೆ!”

ಮರುವರ್ಷ ಹೋದಾಗ ಮೊಸರನ್ನ ದುಪ್ಪಟ್ಟಾಗಿತ್ತು. ಉಣ್ಣಲು ವೀರನಿಗೆ ಬಾಯಿ ಮಾತ್ರ ಉಳಿದಿರಲಿಲ್ಲ.