ಮಾವಶಿಯ ಗ್ಯಾಲರಿ

ನಿಪ್ಪಾಣಿಯ ಹಳೆಯ ಪೇಟೆಯನ್ನು ಜನರಿಗೆ ನಡೆದು ತೋರಿಸಬೇಕೆಂಬ ಹುಚ್ಚು ನನಗೆ ಹತ್ತಿದ್ದು ಒಂದು ಪರೀಕ್ಷೆಯಿಂದ. ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ನಿಮಗೆ ಇಷ್ಟವಾದ ಒಂದು ಕಟ್ಟಡದ ಚಿತ್ರ ಬರೆಯಿರಿ ಅಂದರೆ ಅರ್ಧ ತರಗತಿ ತಾಜಮಹಲು ಬರೆದಿತ್ತು. ದಿನಾ ಎದುರಿಗೇ ಹಾದು ಬರುವ ಕಲ್ಲಿನ ಗೋಡೆ, ಕೆತ್ತನೆಯ ಬಾಗಿಲು ಒಬ್ಬರಿಗೂ ಕಂಡಿರಲಿಲ್ಲ.

ಮುಂದಿನ ರವಿವಾರ ಏಳೆಂಟು ಮಕ್ಕಳನ್ನು ಕರೆದುಕೊಂಡು ತಂಬಾಕಿನ ವಖಾರಗಳ ಓಣಿಯಲ್ಲಿ ನಡೆದೆ. ಆ ದೊಡ್ಡ ದೊಡ್ಡ ಗೋದಾಮುಗಳ ಕಿಟಕಿ ಯಾಕೆ ಅಷ್ಟು ಎತ್ತರದಲ್ಲಿವೆ, ಹಳೆಯ ವ್ಯಾಪಾರಸ್ಥರ ವಾಡೆಗಳ ಮೆಟ್ಟಿಲು ಯಾಕೆ ಗೋಡೆಯೊಳಗೆ ಅಡಗಿವೆ ಎಂದೆಲ್ಲ ಹೇಳಿದೆ. ಆಮೇಲೆ ಮಕ್ಕಳ ತಾಯಂದಿರು ಬಂದರು. ವರ್ಷ ತುಂಬುವಷ್ಟರಲ್ಲಿ ಚಿಕ್ಕೋಡಿ, ಅಥಣಿ, ಕೊಲ್ಹಾಪುರದಿಂದ ಪರಿಚಯವಿಲ್ಲದವರು ಫೋನು ಮಾಡಿ ಬರತೊಡಗಿದರು. ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಹೇಳುತ್ತ ಎರಡು ತಾಸು ನಡೆಸುತ್ತಿದ್ದೆ.

ನಡಿಗೆ ಮುಗಿಯುತ್ತಿದ್ದುದು ಒಂದು ವಾಡೆಯ ಮೇಲಂತಸ್ತಿನಲ್ಲಿ. ಅಲ್ಲಿ ಮರದ ಗ್ಯಾಲರಿಯೊಂದಿತ್ತು. ಕಂಬಗಳ ಮೇಲೆ ಗಿಳಿ, ಬಳ್ಳಿ, ಮಾವಿನಕಾಯಿ. ಅದರಲ್ಲಿ ನಿಂತರೆ ಪೇಟೆಯ ಹಂಚಿನ ಮಾಡುಗಳೆಲ್ಲ ಕೆಳಗೆ ಕಾಣುತ್ತಿದ್ದವು, ಅದರಾಚೆ ಹೈವೇ, ಅದರಾಚೆ ಕಬ್ಬು. ಕೆಳಗಿನ ಮನೆಗೆ ಬೀಗ. ಮೇಲಿನ ಎರಡು ಕೋಣೆಯಲ್ಲಿ ಬ್ಲೌಸ್ ಹೊಲಿಯುವ ಹೆಂಗಸೊಬ್ಬರು ಬಾಡಿಗೆಗಿದ್ದರು. ಗಂಡ ತೀರಿದ ಮೇಲೆ ಒಬ್ಬರೇ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ. ಓಣಿಯವರೆಲ್ಲ ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು, ನಾನೂ ಅದನ್ನೇ ಅಂದೆ. ಬೆಳಕು ಚೆನ್ನಾಗಿ ಬೀಳುತ್ತದೆಂದು ಅವರು ಹೊಲಿಗೆ ಮಷೀನನ್ನು ಆ ಗ್ಯಾಲರಿಯಲ್ಲೇ ಇಟ್ಟುಕೊಂಡಿದ್ದರು.

ಮೊದಲ ಸಲ ಮಕ್ಕಳೊಂದಿಗೆ ಹೋಗಿ ಅಪ್ಪಣೆ ಕೇಳಿದಾಗ, "ಬರ್ರಿ ಅಕ್ಕೋರ, ನೋಡಿದ್ರ ಮನಿ ಸವಿತೈತೇನು?" ಅಂದಿದ್ದರು.

ಒಂದು ರವಿವಾರ ಬಂದಿದ್ದ ಹುಡುಗಿಯೊಬ್ಬಳು ಆ ಗ್ಯಾಲರಿಯ ವಿಡಿಯೊ ಮಾಡಿ ಹಾಕಿದಳು. ನನ್ನ ಧ್ವನಿಯೂ ಅದರಲ್ಲಿತ್ತು. ಗಿಳಿಯ ಕಣ್ಣು ತೋರಿಸಿ, ಇಂಥ ಕೆಲಸ ಸುತ್ತಮುತ್ತ ಎಲ್ಲೂ ಇಲ್ಲ ಅನ್ನುತ್ತಿದ್ದೇನೆ. ಶಾಲೆಯಲ್ಲಿ ಎಲ್ಲರೂ ಮೆಚ್ಚಿದರು. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಅಲ್ಲಿಂದ ಮುಂದೆ ವಾರದ ನಡುವೆಯೂ ಜನ ಬರತೊಡಗಿದರು. ಮದುವೆಗೆ ಮುಂಚೆ ಫೋಟೊ ತೆಗೆಸುವ ಜೋಡಿಗಳು ಕ್ಯಾಮರಾದವರೊಂದಿಗೆ ಮೆಟ್ಟಿಲು ಹತ್ತುತ್ತಿದ್ದರು. ಮಷೀನು ಸರಿಸಿ ಅನ್ನುವರು, ಮಾವಶಿ ಸರಿಸುವರು. ಹಗ್ಗದ ಮೇಲಿನ ಸೀರೆ ತೆಗೆಯಿರಿ ಅನ್ನುವರು, ತೆಗೆಯುವರು. ಇದು ನನಗೆ ಗೊತ್ತಾದಾಗ, ಬೇಡ ಅನ್ನಬಾರದೇನು ಮಾವಶಿ ಅಂದೆ.

"ನಿಮ್ಮ ಹೆಸರು ಹೇಳ್ಕೊಂಡ ಬರ್ತಾರ್ರಿ ಅಕ್ಕೋರ. ಹೆಂಗ ಒಲ್ಲೆ ಅನ್ನೂದು?"

ಒಂದು ಸಂಜೆ ಶಾಲೆ ಬಿಡುವ ಹೊತ್ತಿಗೆ ಮಾವಶಿ ಗೇಟಿನ ಹತ್ತಿರ ನಿಂತಿದ್ದರು. ಅವರು ಶಾಲೆಗೆ ಬಂದದ್ದು ಅದೇ ಮೊದಲು.

"ಮಾಲಕರು ಬಂದಿದ್ರು. ಮನಿ ಬಿಡ್ರಿ ಅಂದಾರ. ಮಗಾ ಅಲ್ಲೆ ಫೋಟೊ ತಗಿಯೂ ಜಾಗಾ ಮಾಡ್ತಾನಂತ, ಕೆಳಗ ಹೋಟೆಲ್ ಅಂತ."

ಮರುದಿನವೇ ಮಾಲಕರ ಹೊಸ ಮನೆಗೆ ಹೋದೆ. ಜಗಳವಾಡಲು ಸಿದ್ಧಳಾಗಿ ಹೋಗಿದ್ದೆ. ಅವರು ಎದ್ದು ನಿಂತು ಕುರ್ಚಿ ಕೊಟ್ಟರು, ಚಹಾ ತರಿಸಿದರು, ಹೆಂಡತಿಯನ್ನು ಕರೆದು ನನ್ನ ಪರಿಚಯ ಹೇಳಿದರು.

"ನಾ ಹುಟ್ಟಿದ್ದ ಆ ಮನ್ಯಾಗ್ರಿ ಅಕ್ಕೋರ. ಆ ಕಂಬ ಒಮ್ಮೆನೂ ಕಣ್ಣೆತ್ತಿ ನೋಡಿರಲಿಲ್ಲ. ಕೆಡವಿ ಕಾಂಪ್ಲೆಕ್ಸ್ ಕಟ್ಟಬೇಕಂತಿದ್ವಿ. ನಿಮ್ಮ ವಿಡಿಯೊ ನೋಡಿ ಬಿಟ್ವಿ. ಇನ್ನ ಅದನ್ನ ಕೆಡವೂದಿಲ್ಲ."

"ಮಾವಶಿ ಎಲ್ಲಿ ಹೋಗಬೇಕ್ರಿ?" ಅಂದೆ.

"ಅವ್ರಿಗೆ ಬ್ಯಾಸರಾ ಮಾಡಿ ಕಳಸೂದಿಲ್ರಿ. ಎರಡು ತಿಂಗಳು ಇರ್ಲಿ. ಆದ್ರ ಜನ ಬರೂ ಜಾಗಾದಾಗ ಮಷೀನ್ ಇಟ್ಕೊಂಡ ಕುಂತ್ರ ಹೆಂಗ, ನೀವ ಹೇಳ್ರಿ."

ಹಳೆಯ ಮನೆ ಉಳಿಸಿ, ಉಳಿಸಿ ಎಂದು ಪ್ರತಿ ರವಿವಾರ ಹೇಳಿದವಳು ನಾನೇ. ಅವರು ಉಳಿಸುತ್ತೇನೆ ಅನ್ನುತ್ತಿದ್ದರು. ಚಹಾ ಕುಡಿದು ಎದ್ದುಬಂದೆ.

ಪರಿಚಯದ ವಕೀಲರನ್ನು ಕೇಳಿದೆ. ಕಾಗದಪತ್ರ ಏನಾದರೂ ಇದೆಯೇ ಅಂದರು. ಏನೂ ಇರಲಿಲ್ಲ, ಎಲ್ಲ ಬಾಯಿಮಾತು. ಇದ್ದರೂ ಕೋರ್ಟು ಹತ್ತಲು ಮಾವಶಿ ಒಪ್ಪುತ್ತಿರಲಿಲ್ಲ. ಆ ಓಣಿಯಲ್ಲೇ ಕೋಣೆ ಹುಡುಕಿದೆವು. ಗಿರಾಕಿಗಳೆಲ್ಲ ಅಲ್ಲಿಯವರೇ. ಒಂದು ಕಡೆ ಬೆಳಕಿಲ್ಲ, ಇನ್ನೊಂದು ಕಡೆ ಒಂಟಿ ಹೆಂಗಸಿಗೆ ಕೊಡುವುದಿಲ್ಲ ಅಂದರು. ಕೊನೆಗೆ ಮಾವಶಿ ಏಕಸಂಬಿಯಲ್ಲಿರುವ ತಂಗಿಯ ಮನೆಗೆ ಹೋಗುತ್ತೇನೆ ಅಂದರು.

ಸಾಮಾನು ಇಳಿಸುವ ದಿನ ನಾನೂ ಹೋದೆ. ಮಷೀನಿನ ಒಂದು ತುದಿ ಅವರು, ಇನ್ನೊಂದು ತುದಿ ನಾನು ಹಿಡಿದು ಆ ಇಕ್ಕಟ್ಟಾದ ಮೆಟ್ಟಿಲು ಇಳಿದೆವು. ನಡುವೆ ದಣಿವಾರಿಸಿಕೊಳ್ಳಲು ಕೂತಾಗ, "ನಂದ ತಪ್ಪು ಮಾವಶಿ" ಅಂದೆ.

"ಇರ್ಲಿ ಬಿಡ್ರಿ. ನೀವು ಬರದಿದ್ರೂ ಅವ್ರು ಯಾವಾಗರ ಬಿಡಸ್ತಿದ್ರು."

ಅದು ನಿಜವೋ, ನನ್ನನ್ನು ಸಮಾಧಾನ ಮಾಡಲು ಹೇಳಿದ್ದೋ, ಇಂದಿಗೂ ತಿಳಿದಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮುಂದಿನ ರವಿವಾರ ಹತ್ತು ಜನ ಕಾಯುತ್ತಿದ್ದರು. ಆ ಓಣಿಯನ್ನು ಬಿಟ್ಟು ನಡೆಸಿದೆ. ಗ್ಯಾಲರಿ ಎಲ್ಲಿ ಎಂದು ಒಬ್ಬರು ಕೇಳಿದರು, ಈಗ ಬಂದ್ ಆಗಿದೆ ಅಂದೆ. ಅವರು ಫೋನಿನಲ್ಲಿ ದಾರಿ ನೋಡಿಕೊಂಡು ತಾವೇ ಹೋದರು, ಉಳಿದವರೂ ಅವರ ಹಿಂದೆ. ನಾನು ವಖಾರದ ಮೂಲೆಯಲ್ಲಿ ಒಬ್ಬಳೇ ನಿಂತೆ. ಮೂರ್ನಾಲ್ಕು ವಾರ ಹಾಗೇ ನಡೆದು ಆಮೇಲೆ ನಿಲ್ಲಿಸಿದೆ.

ದೀಪಾವಳಿ ರಜೆಯಲ್ಲಿ ಎರಡು ಬ್ಲೌಸ್ ಪೀಸು ತೆಗೆದುಕೊಂಡು ಏಕಸಂಬಿಗೆ ಹೋದೆ. ತಂಗಿಯ ಮನೆಯ ಮುಂದೆ ತಗಡಿನ ಕೆಳಗೆ ಮಷೀನಿತ್ತು. ಕೆಲಸ ಕಡಿಮೆ, ಇಲ್ಲಿಯವರು ತಮ್ಮ ತಮ್ಮ ಟೇಲರ್ ಬಿಟ್ಟು ಬರುವುದಿಲ್ಲ ಅಂದರು. ನನ್ನ ಅಳತೆ ತೆಗೆದುಕೊಳ್ಳುತ್ತ ಕೇಳಿದರು.

"ಗ್ಯಾಲರಿ ಹಂಗ ಐತೇನ್ರಿ?"

ಮಾಲಕರ ಮಗ ಕಂಬಗಳಿಗೆಲ್ಲ ಹೊಳೆಯುವ ಬಂಗಾರದ ಬಣ್ಣ ಹೊಡೆಸಿದ್ದ. ಗಿಳಿಯ ಕೊಕ್ಕಿಗೆ ಕೆಂಪು.

"ಹಂಗ ಐತ್ರಿ" ಅಂದೆ.

ಅವರು ತಲೆಯಾಡಿಸಿ ಟೇಪು ಸುತ್ತಿದರು. ಮುಂದಿನ ಗುರುವಾರ ಬರಲು ಹೇಳಿದರು. ಆ ಗುರುವಾರ ಕಳೆದು ಬಹಳ ದಿನವಾಯಿತು, ನಾನು ಹೋಗಿಲ್ಲ, ಬ್ಲೌಸ್ ಅಲ್ಲೇ ಇವೆ.